ಡಿಜಿಟಲ್ ಸ್ಪೋರ್ಟ್ಸ್ ವಾಚ್: ಕೊಳ್ಳುವ ಮೊದಲು ನೋಡಬೇಕಾದ್ದು, ಕೊಂಡ ಮೇಲೆ ಕಲಿಯಬೇಕಾದ್ದು

ಬೆಂಗಳೂರಿನಲ್ಲಿ ನನ್ನ ಮೊದಲ 10 ಕಿಲೋಮೀಟರ್ ಓಟ ಮುಗಿಸಿ, ಏದುಸಿರು ಬಿಡುತ್ತಾ ವಾಚ್ ನೋಡಿಕೊಂಡೆ. 8 ನಿಮಿಷ 41 ಸೆಕೆಂಡ್ ಎಂದಿತ್ತು. ಜೊತೆಗಿದ್ದ ಗೆಳೆಯ ಬಗ್ಗಿ ನೋಡಿ, "ಏನ್ ಗುರೂ, ಚೆಪ್ಟೆಗೈಗೇ 26 ನಿಮಿಷ ಬೇಕಾಯ್ತು!" ಎಂದು ನಕ್ಕ. ಉಗಾಂಡದ ದಾಖಲೆಯ ಓಟಗಾರ ಜೋಶುವಾ ಚೆಪ್ಟೆಗೈ 2020ರಲ್ಲಿ ಟ್ರ್ಯಾಕಿನ ಮೇಲೆ 10,000 ಮೀಟರ್ ಓಡಿದ್ದು 26 ನಿಮಿಷ 11 ಸೆಕೆಂಡಿನಲ್ಲಿ. ನಾನು ನಿಜವಾಗಿ ತೆಗೆದುಕೊಂಡಿದ್ದು 1 ಗಂಟೆ 8 ನಿಮಿಷ 41 ಸೆಕೆಂಡ್. ಕೈಯಲ್ಲಿದ್ದ ವಾಚಿನ ಸ್ಟಾಪ್‌ವಾಚ್ ಒಂದು ಗಂಟೆ ಆದ ಕೂಡಲೇ ಸೊನ್ನೆಗೆ ಬಂದು ಮತ್ತೆ ಮೊದಲಿನಿಂದ ಎಣಿಸಿತ್ತು. ವಾಚ್ ಕೆಟ್ಟಿರಲಿಲ್ಲ. ಡಬ್ಬಿಯೊಳಗಿದ್ದ ಕಾಗದವನ್ನು ನಾನು ಓದಿರಲಿಲ್ಲ, ಅಷ್ಟೇ.

ಆಮೇಲೆ ಅಗ್ಗದ್ದು, ದುಬಾರಿಯದು, ಸ್ಯಾಟಲೈಟ್ ಹಿಡಿಯುವುದು, ಎದೆಬಡಿತ ಎಣಿಸುವುದು ಎಲ್ಲ ಕೈಗೆ ಬಂದು ಹೋದವು. ಈಗ ಯಾರಾದರೂ "ಯಾವ ವಾಚ್ ತಗೊಳ್ಳಲಿ?" ಎಂದು ಕೇಳಿದರೆ ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ವಾಚ್ ತೋರಿಸುವ ಯಾವ ಅಂಕಿ ನೋಡಿ ನೀವು ಏನು ಬದಲಾಯಿಸುತ್ತೀರಿ ಎಂದು ಕೇಳುತ್ತೇನೆ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದವು.

ಹೆಜ್ಜೆ 1: ಮೊದಲು ಒಂದು ಚೀಟಿ ಬರೆಯಿರಿ

ಅಂಗಡಿಗೆ ಹೋಗುವ ಮುಂಚೆ, ಆನ್‌ಲೈನ್‌ನಲ್ಲಿ ಹುಡುಕುವ ಮುಂಚೆ, ನಿಮಗೆ ಬೇಕಾದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಎಷ್ಟು ಹೊತ್ತು ಓಡಿದೆ? ಒಂದೊಂದು ಸುತ್ತಿಗೆ ಎಷ್ಟು ಹಿಡಿಯಿತು? ಎಷ್ಟು ದೂರ ಆಯಿತು? ಎದೆಬಡಿತ ಎಷ್ಟಿತ್ತು? ಪ್ರತಿಯೊಂದರ ಮುಂದೆ, "ಇದು ಗೊತ್ತಾದರೆ ನಾನು ಏನು ಮಾಡುತ್ತೇನೆ" ಎಂದೂ ಬರೆಯಿರಿ. ಉತ್ತರ ಹೊಳೆಯದ ಸಾಲನ್ನು ಹೊಡೆದುಹಾಕಿ.

ಹೆಚ್ಚಿನವರ ಚೀಟಿಯಲ್ಲಿ ಕೊನೆಗೆ ಉಳಿಯುವುದು ಎರಡೇ: ಸಮಯ ಮತ್ತು ಸುತ್ತು. ದಿನಾ ಬೆಳಿಗ್ಗೆ ಅದೇ ಪಾರ್ಕಿನಲ್ಲಿ ಓಡುವವರಿಗೆ ದೂರ ಗೊತ್ತೇ ಇರುತ್ತದೆ. ಇವರಿಗೆ ಒಂದೆರಡು ಸಾವಿರ ರೂಪಾಯಿಯ ಡಿಜಿಟಲ್ ವಾಚ್ ಧಾರಾಳ ಸಾಕು. ಪ್ರತಿ ಭಾನುವಾರ ಹೊಸ ದಾರಿ ಹಿಡಿಯುವವರು, ನಂದಿ ಬೆಟ್ಟಕ್ಕೆ ಸೈಕಲ್ ಏರಿಸುವವರು, ಮ್ಯಾರಥಾನ್‌ಗೆ ತಯಾರಿ ನಡೆಸುವವರು ದೂರಕ್ಕೂ ವೇಗಕ್ಕೂ ಜಿಪಿಎಸ್ ಬಯಸಿದರೆ ಅದರಲ್ಲಿ ಅರ್ಥ ಇದೆ.

ಸ್ಪೋರ್ಟ್ಸ್ ವಾಚ್ ಎಂದರೆ ಓಟ ಒಂದೇ ಅಲ್ಲ. ಕಬಡ್ಡಿಯಲ್ಲಿ ಒಂದು ರೇಡ್‌ಗೆ 30 ಸೆಕೆಂಡ್. ಊರಿನ ಮೈದಾನದಲ್ಲಿ ಹುಡುಗರಿಗೆ ಅಭ್ಯಾಸ ಮಾಡಿಸುವವರಿಗೆ ಜಿಪಿಎಸ್ ಯಾಕೆ? ಅವರಿಗೆ ಬೇಕಾದ್ದು ಹಿಮ್ಮುಖವಾಗಿ ಎಣಿಸಿ ಕೊನೆಗೆ ಜೋರಾಗಿ ಕೂಗುವ ಟೈಮರ್. ಈ ಟೈಮರ್ ಎಲ್ಲ ಅಗ್ಗದ ವಾಚಿನಲ್ಲೂ ಇರುವುದಿಲ್ಲ. ಕೇಳಿ ತೆಗೆದುಕೊಳ್ಳಿ.

ಹೆಜ್ಜೆ 2: ಒಂದು ಹಳೇ ವಾಚನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ

ನಾನು ಯಾವ ವಾಚ್ ನೋಡಿದರೂ ಕ್ಯಾಸಿಯೊ ಎಫ್-91ಡಬ್ಲ್ಯು ಪಕ್ಕ ಇಟ್ಟು ತೂಗುತ್ತೇನೆ. ನೀವೂ ನೋಡಿರುತ್ತೀರಿ. ಕಪ್ಪು ಪ್ಲಾಸ್ಟಿಕ್ಕು, ಚೌಕಟ್ಟಿಗೆ ನೀಲಿ ಗೆರೆ. 1989ರಿಂದ ಇದೇ ರೂಪದಲ್ಲಿ ಬರುತ್ತಿದೆ. ತೂಕ ಸುಮಾರು 21 ಗ್ರಾಂ, ಕೈಯಲ್ಲಿರುವುದೇ ಮರೆತುಹೋಗುತ್ತದೆ. ಒಂದು ಸೆಲ್‌ಗೆ ಸುಮಾರು 7 ವರ್ಷದ ಬಾಳಿಕೆ ಎಂದು ಕಂಪನಿ ಹೇಳುತ್ತದೆ. ತಿಂಗಳಿಗೆ ಹೆಚ್ಚೆಂದರೆ 30 ಸೆಕೆಂಡ್ ಹಿಂದೆ ಮುಂದೆ.

7 ವರ್ಷದ ಬಾಳಿಕೆ ಎಲ್ಲಿಂದ ಬಂತು? ಈ ವಾಚ್ ಮಾಡುವ ಕೆಲಸವೇ ಕಮ್ಮಿ. ಒಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಅದುರನ್ನು ಅರ್ಧ ಮಾಡುತ್ತಾ ಹೋದರೆ 15ನೇ ಸಲಕ್ಕೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಅದನ್ನು ಎಣಿಸಿ ಪರದೆಯ ಮೇಲೆ ತೋರಿಸಿದರೆ ಕೆಲಸ ಮುಗಿಯಿತು. ಎಲ್‌ಸಿಡಿ ಪರದೆ ತಾನೇ ಬೆಳಗುವುದಿಲ್ಲ, ಹೊರಗಿನ ಬೆಳಕನ್ನೇ ಬಳಸಿಕೊಳ್ಳುತ್ತದೆ. ಅದಕ್ಕೇ ಮಧ್ಯಾಹ್ನದ ಬಿಸಿಲಿನಲ್ಲಿ ಫೋನ್ ಮಂಕಾದರೂ ಈ ವಾಚ್ ಸ್ಪಷ್ಟವಾಗಿ ಕಾಣುತ್ತದೆ.

ಕೊರತೆಗಳೂ ಅಲ್ಲೇ ಇವೆ. ಅಲಾರಂ ಒಂದೇ. ಹಿಮ್ಮುಖ ಟೈಮರ್ ಇಲ್ಲ. ಹಸಿರು ದೀಪ ಪರದೆಯ ಒಂದು ಮೂಲೆಗೆ ಮಾತ್ರ ಬೆಳಕು ಕೊಡುತ್ತದೆ. ಸ್ಟಾಪ್‌ವಾಚ್ 59 ನಿಮಿಷ 59.99 ಸೆಕೆಂಡ್ ತನಕ ಮಾತ್ರ. ಸುತ್ತಿನ ಸಮಯ ನೆನಪಿಟ್ಟುಕೊಳ್ಳುವುದಿಲ್ಲ. ಮೈಮೇಲೆ 'ವಾಟರ್ ರೆಸಿಸ್ಟ್' ಎಂದು ಬರೆದಿದ್ದರೂ ಈಜಲು ಆಗುವುದಿಲ್ಲ.

ಹೊಸ ವಾಚ್ ನೋಡುವಾಗ ಹೀಗೆ ಕೇಳಿಕೊಳ್ಳಿ: ಇದಕ್ಕಿಂತ ಏನು ಜಾಸ್ತಿ ಕೊಡುತ್ತದೆ, ಅದಕ್ಕೆ ಬದಲಾಗಿ ಏನು ಕಿತ್ತುಕೊಳ್ಳುತ್ತದೆ? ಅದೇ ಕಂಪನಿಯ ಡಬ್ಲ್ಯು-800ಎಚ್ ತೆಗೆದುಕೊಳ್ಳಿ. 100 ಮೀಟರ್ ನೀರಿನ ಗುರುತು (ಅದರ ಅರ್ಥ ಹೆಜ್ಜೆ 4ರಲ್ಲಿ), 10 ವರ್ಷದ ಸೆಲ್. ಬದಲಿಗೆ ಸ್ವಲ್ಪ ದಪ್ಪ, ಸ್ವಲ್ಪ ಭಾರ. ಒಳ್ಳೆಯ ವ್ಯಾಪಾರ. ಮಿನುಗುವ ಬಣ್ಣದ ಪರದೆಯ ವಾಚಿಗೆ ಮೂರು ದಿನಕ್ಕೊಮ್ಮೆ ಚಾರ್ಜರ್ ಹುಡುಕಬೇಕು. ಅದು ಒಳ್ಳೆಯ ವ್ಯಾಪಾರವೋ ಅಲ್ಲವೋ ನಿಮ್ಮ ಚೀಟಿ ಹೇಳುತ್ತದೆ.

ಹೆಜ್ಜೆ 3: ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಅಂಗಡಿಯವರು ಸ್ವಲ್ಪ ವಿಚಿತ್ರವಾಗಿ ನೋಡಬಹುದು. ಪರವಾಗಿಲ್ಲ.

ವಾಚ್ ಕಟ್ಟಿಕೊಂಡು ಕೈ ಬೀಸುತ್ತಾ ನಿಂತಲ್ಲೇ ಓಡಿ. ಓಡುತ್ತಲೇ ಪರದೆ ಓದಲು ಆಗುತ್ತದಾ? ಅಂಕಿಗಳು ದೊಡ್ಡದಾಗಿರಬೇಕು. ನಲವತ್ತು ದಾಟಿದವರು ಕನ್ನಡಕ ತೆಗೆದು ನೋಡಿ, ಯಾಕೆಂದರೆ ಓಡುವಾಗ ಓದುವ ಕನ್ನಡಕ ಮೂಗಿನ ಮೇಲೆ ಇರುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೂದು ಅಂಕಿ ಇರುವ ಪರದೆ ಅಂಗಡಿಯ ದೀಪದಲ್ಲಿ ಬಲು ಚೆಂದ. ಮುಂಜಾನೆಯ ಮಬ್ಬಿನಲ್ಲಿ ಅದು ಏನೂ ಕಾಣಿಸುವುದಿಲ್ಲ. ನನ್ನ ಮಾತು ಕೇಳಿ, ತಿಳಿ ಹಿನ್ನೆಲೆಯದ್ದನ್ನೇ ತಗೊಳ್ಳಿ.

ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ವಾಚ್ ನೋಡಿ. ಆ ಕನ್ನಡಕದ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ, ಎಲ್‌ಸಿಡಿಯ ಒಳಗೂ ಅಂಥದ್ದೇ ಹಾಳೆ ಇರುತ್ತದೆ. ಎರಡೂ ಅಡ್ಡ ಬಂದರೆ ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಸೈಕಲ್ ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಇರುವ ಕೋನದಲ್ಲೇ ಹೀಗಾದರೆ ಆ ವಾಚ್ ನಿಮಗಲ್ಲ.

ಬೆರಳು ಒದ್ದೆ ಮಾಡಿಕೊಂಡು ಬಟನ್ ಒತ್ತಿ. ಬೆವರಿದ ಬೆರಳಿಗೆ ಟಚ್ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಮಳೆ ಹನಿ ಬಿದ್ದರೆ ತಾನೇ ಒತ್ತಿಕೊಳ್ಳುವುದೂ ಉಂಟು. ಆಟಕ್ಕೆ ಬಟನ್ ಇರುವ ವಾಚೇ ಮೇಲು, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಬಟನ್ ತೀರಾ ಹೊರಗೆ ಚಾಚಿದ್ದರೂ ಕಷ್ಟ. ದಂಡ ಹೊಡೆಯುವಾಗ ಮಣಿಕಟ್ಟು ಮಡಚಿದರೆ ಕೈಯ ಹಿಂಭಾಗವೇ ಅದನ್ನು ಒತ್ತಿಬಿಡುತ್ತದೆ. ಸ್ಟಾಪ್‌ವಾಚ್ ನಿಂತಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ.

ಕೊನೆಯದು ಬೆಲ್ಟ್. ಅದನ್ನು ಬದಲಾಯಿಸಲು ಆಗುತ್ತದಾ, ಬಿಡಿ ಬೆಲ್ಟ್ ಸಿಗುತ್ತದಾ ಎಂದು ಕೇಳಿ. ಪ್ಲಾಸ್ಟಿಕ್ ಬೆಲ್ಟ್ ಕೆಲವು ವರ್ಷಕ್ಕೆ ತೂತಿನ ಹತ್ತಿರ ಸೀಳುತ್ತದೆ. ವಾಚಿನ ಯಂತ್ರ ಇನ್ನೂ ಗಟ್ಟಿಯಾಗಿದ್ದು ಬೆಲ್ಟ್ ಸಿಗದೆ ಮೂಲೆ ಸೇರಿದ ವಾಚ್ ಎಷ್ಟೋ.

ಹೆಜ್ಜೆ 4: ಹಿಂಬದಿಯ ಬರಹ ಓದಿ

'30 ಮೀಟರ್' ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಅದು ಅಲುಗಾಡದ ನೀರಿನ ಒತ್ತಡದ ಲೆಕ್ಕ. ಈಜುವಾಗ ಕೈ ಬೀಸಿ ನೀರಿಗೆ ಹೊಡೆಯುತ್ತೇವೆ, ಮೇಲಿಂದ ಹಾರುತ್ತೇವೆ. ಅಲ್ಲದೆ ವಾಚ್ ಹಳೆಯದಾದಂತೆ ನೀರು ಒಳಬರದಂತೆ ತಡೆಯುವ ಅದರ ರಬ್ಬರ್ ರಿಂಗ್ ಗಟ್ಟಿಯಾಗುತ್ತದೆ.

ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. 30 ಮೀಟರ್ ಅಥವಾ ಬರೀ 'ವಾಟರ್ ರೆಸಿಸ್ಟ್' ಇದ್ದರೆ ಮಳೆ, ಬೆವರು, ಕೈ ತೊಳೆಯುವ ನೀರಿಗೆ ಸಾಕು. 50 ಮೀಟರ್ ಇದ್ದರೆ ಈಜುಕೊಳಕ್ಕೆ ಇಳಿಯಬಹುದು. ಕೆರೆ, ಸಮುದ್ರ, ದಿನಾ ಈಜು ಎಂದರೆ 100 ಮೀಟರ್. ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾಗೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತಿನ ಡೈವರ್ಸ್ ವಾಚೇ ಬೇಕು. ನೀರಿನೊಳಗೆ ಬಟನ್ ಒತ್ತಬಹುದು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಒತ್ತಬೇಡಿ. ಬಿಸಿನೀರಿನ ಸ್ನಾನಕ್ಕೆ ಯಾವ ವಾಚೂ ಬೇಡ. ಬಿಸಿ ಮತ್ತು ಸೋಪು ಎರಡೂ ರಬ್ಬರ್ ರಿಂಗ್‌ಗೆ ವೈರಿಗಳು. ಮಲ್ಪೆಯಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕೆ ಇಳಿದರೆ, ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ.

ಹೆಜ್ಜೆ 5: ಟೈಮ್ ಸರಿಯಾಗಿ ಹೊಂದಿಸಿ

ಎಫ್-91ಡಬ್ಲ್ಯುವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಬೇರೆ ವಾಚುಗಳಲ್ಲೂ ದಾರಿ ಬಹುಪಾಲು ಹೀಗೇ. ಎಡಗಡೆ ಕೆಳಗಿನ ಬಟನ್ ಮೋಡ್ ಬದಲಾಯಿಸುತ್ತದೆ. ಒಂದು ಸಲ ಒತ್ತಿದರೆ ಅಲಾರಂ, ಎರಡಕ್ಕೆ ಸ್ಟಾಪ್‌ವಾಚ್, ಮೂರಕ್ಕೆ ಟೈಮ್ ಸೆಟ್ ಮಾಡುವ ಜಾಗ. ಅಲ್ಲಿ ಸೆಕೆಂಡ್ ಮಿನುಗುತ್ತದೆ. ಫೋನಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದಿಟ್ಟುಕೊಳ್ಳಿ. ಅದರಲ್ಲಿ ಸೊನ್ನೆ ಬಂದ ಕ್ಷಣ ಬಲಗಡೆ ಬಟನ್ ಒತ್ತಿ. ಎಡಗಡೆ ಮೇಲಿನ ದೀಪದ ಬಟನ್ ಒತ್ತುತ್ತಾ ಹೋದರೆ ಗಂಟೆ, ನಿಮಿಷ, ತಿಂಗಳು, ತಾರೀಖು, ವಾರ ಒಂದಾದ ಮೇಲೊಂದು ಬರುತ್ತವೆ. ಬಲಗಡೆ ಬಟನ್‌ನಿಂದ ಅಂಕಿ ಏರಿಸಿ. ಮುಗಿದ ಮೇಲೆ ಮತ್ತೆ ಮೋಡ್.

ಮಾಮೂಲಿ ಟೈಮ್ ಕಾಣುವಾಗ ಬಲಗಡೆ ಬಟನ್ ಒತ್ತಿದರೆ 12 ಗಂಟೆ, 24 ಗಂಟೆ ಅದಲು ಬದಲಾಗುತ್ತದೆ. ಗೊತ್ತಿಲ್ಲದೆ ತಾಗಿ, ಮಧ್ಯಾಹ್ನ 15:20 ನೋಡಿ "ವಾಚ್ ಹಾಳಾಯ್ತು" ಎಂದು ರಿಪೇರಿ ಅಂಗಡಿಗೆ ಹೋದವರನ್ನು ನಾನು ಬಲ್ಲೆ. ಅದೇ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ನಕಲಿ ಹಿಡಿಯಲು ಇದನ್ನು ಬಳಸುತ್ತಾರೆ. ಆದರೆ ಇದೊಂದನ್ನೇ ನಂಬಿ ಫುಟ್‌ಪಾತ್‌ನಲ್ಲಿ ಕೊಳ್ಳಬೇಡಿ.

ಗಂಟೆಗೊಮ್ಮೆ 'ಪೀಂ ಪೀಂ' ಎನ್ನುವ ಸದ್ದನ್ನು ಮೊದಲ ದಿನವೇ ಆಫ್ ಮಾಡಿ. ಮದುವೆ ಮಂಟಪದಲ್ಲಿ, ಮೀಟಿಂಗಿನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಅದು ಕೂಗಿದಾಗ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಪರೀಕ್ಷೆಯ ವಿಚಾರವೂ ಒಂದಿದೆ. ನೀಟ್‌ನಂಥ ಪರೀಕ್ಷೆಗೆ ಯಾವ ಕೈಗಡಿಯಾರವನ್ನೂ ಒಳಗೆ ಬಿಡುವುದಿಲ್ಲ. ಮಗನ ಪರೀಕ್ಷೆಗೆಂದು ವಾಚ್ ಕೊಡಿಸುವವರು ಹಾಲ್ ಟಿಕೆಟ್‌ನ ನಿಯಮ ಮೊದಲು ಓದಿ.

ಹೆಜ್ಜೆ 6: ಸುತ್ತು ಎಣಿಸುವುದನ್ನು ಕಲಿಯಿರಿ

ಸ್ಪೋರ್ಟ್ಸ್ ವಾಚಿನ ನಿಜವಾದ ಬೆಲೆ ಇರುವುದು ಇಲ್ಲಿ. 1986ರಲ್ಲಿ ಟೈಮೆಕ್ಸ್ ಕಂಪನಿಯ ಐರನ್‌ಮ್ಯಾನ್ ವಾಚ್ ಬಂದಾಗ ಓಟಗಾರರಿಗೆ ಹಿಡಿಸಿದ್ದು ಅದರ 8 ಸುತ್ತಿನ ನೆನಪು. ಓಡಿ ಮುಗಿಸಿ, ನೀರು ಕುಡಿದು, ಆಮೇಲೆ ಒಂದೊಂದೇ ಸುತ್ತಿನ ಸಮಯ ನೋಡಬಹುದಿತ್ತು.

ಸ್ಪ್ಲಿಟ್ ಬೇರೆ, ಲ್ಯಾಪ್ ಬೇರೆ. ಮೊದಲ ಸುತ್ತು 2 ನಿಮಿಷ 10 ಸೆಕೆಂಡಿಗೆ ಮುಗಿಯಿತು ಎಂದುಕೊಳ್ಳಿ. ಎರಡನೇ ಸುತ್ತಿನ ಕೊನೆಗೆ ಸ್ಪ್ಲಿಟ್ ತೋರಿಸುವ ವಾಚಿನಲ್ಲಿ 4:24 ಕಾಣುತ್ತದೆ. ಅದು ಒಟ್ಟು ಸಮಯ. ಲ್ಯಾಪ್ ತೋರಿಸುವ ವಾಚಿನಲ್ಲಿ 2:14 ಬರುತ್ತದೆ, ಅಂದರೆ ನೀವು ನಾಲ್ಕು ಸೆಕೆಂಡ್ ನಿಧಾನವಾಗಿದ್ದೀರಿ. ಏದುಸಿರಿನಲ್ಲಿ ಕಳೆಯುವ ಲೆಕ್ಕ ಮಾಡುವುದು ಯಾರಿಗೂ ಆಗದ ಕೆಲಸ. ಅದಕ್ಕೇ ಲ್ಯಾಪ್ ನೆನಪಿಡುವ ವಾಚಿಗೆ ನಾಲ್ಕು ಕಾಸು ಜಾಸ್ತಿ ಕೊಡಬಹುದು.

ಊರಿನಲ್ಲಿ 400 ಮೀಟರ್ ಟ್ರ್ಯಾಕ್ ಇದ್ದರೆ ನೀವು ಭಾಗ್ಯವಂತರು. ಒಂದು ಸುತ್ತಿಗೆ 2 ನಿಮಿಷ ಎಂದರೆ ಕಿಲೋಮೀಟರಿಗೆ 5 ನಿಮಿಷ. ಹಾಗೇ 25 ಸುತ್ತು ಓಡಿದರೆ 10 ಕಿಲೋಮೀಟರ್ 50 ನಿಮಿಷಕ್ಕೆ. 2 ನಿಮಿಷ 40 ಸೆಕೆಂಡಿನ ಸುತ್ತಾದರೆ 66 ನಿಮಿಷ 40 ಸೆಕೆಂಡ್. ಒಂದು ಗಂಟೆಯ ಸ್ಟಾಪ್‌ವಾಚ್ ಕೈಕೊಡುವುದು ಇಲ್ಲೇ! ಒಂದು ಎಚ್ಚರ: 400 ಮೀಟರ್ ಎನ್ನುವುದು ಒಳಗಿನ ಮೊದಲ ಲೇನಿಗೆ ಮಾತ್ರ. ಎಂಟನೇ ಲೇನಿನಲ್ಲಿ ಪೂರ್ತಿ ಸುತ್ತು ಬಂದರೆ 453 ಮೀಟರ್ ಆಗುತ್ತದೆ. ಹೊರಗಿನ ಲೇನಿನಲ್ಲಿ ಓಡಿ "ಇವತ್ತು ಯಾಕೋ ಕಾಲೇ ಬರ್ತಿಲ್ಲ" ಎಂದು ಬೇಜಾರಾಗಬೇಡಿ.

ಇನ್ನೊಂದು ಮಾತು. ಪರದೆಯ ಮೇಲೆ ನೂರನೇ ಒಂದು ಸೆಕೆಂಡ್ ಓಡುತ್ತಿರುತ್ತದೆ. ಅದನ್ನು ಅಷ್ಟಕ್ಕಷ್ಟೇ ನಂಬಿ. ವಾಚಿನ ತಪ್ಪಲ್ಲ ಅದು. ತಿಂಗಳಿಗೆ 30 ಸೆಕೆಂಡ್ ತಪ್ಪುವ ವಾಚ್ ಒಂದು ಗಂಟೆಯಲ್ಲಿ ತಪ್ಪುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಮ್ಮಿ. ತಪ್ಪುವುದು ನಮ್ಮ ಹೆಬ್ಬೆರಳು. ಕಣ್ಣು ಕಂಡು, ಬೆರಳು ಒತ್ತುವಷ್ಟರಲ್ಲಿ ಅದಕ್ಕಿಂತ ಎಷ್ಟೋ ಪಾಲು ಸಮಯ ಹೋಗಿರುತ್ತದೆ. ಆದ್ದರಿಂದಲೇ ಟ್ರ್ಯಾಕ್ ಓಟದಲ್ಲಿ ಕೈಯಲ್ಲಿ ತೆಗೆದ ಟೈಮನ್ನು ಹತ್ತನೇ ಒಂದು ಸೆಕೆಂಡಿಗೆ ಮೇಲೇರಿಸಿ ಬರೆಯುವ ನಿಯಮ ಇದೆ. ಸ್ಕೂಲ್ ಸ್ಪೋರ್ಟ್ಸ್‌ನಲ್ಲಿ 12.31, 12.34 ಎಂದು ಪಿ.ಟಿ. ಮೇಷ್ಟ್ರ ಜೊತೆ ಜಗಳಕ್ಕೆ ಇಳಿಯುವ ಅಪ್ಪಂದಿರು ಇದನ್ನು ಓದಬೇಕು. ಇಬ್ಬರಿಗೂ 12.4.

ಹೆಜ್ಜೆ 7: ಜಿಪಿಎಸ್ ವಾಚ್ ಆದರೆ ಅದರ ಸುಳ್ಳುಗಳನ್ನೂ ಗುರುತಿಸಿ

ಜಿಪಿಎಸ್‌ನ ಶಕ್ತಿ ದೊಡ್ಡದು. ಗೊತ್ತಿಲ್ಲದ ಊರಿನಲ್ಲಿ ಓಡಲು ಹೋದರೂ ಎಷ್ಟು ದೂರ ಬಂದೆ ಎಂದು ಗೊತ್ತಾಗುತ್ತದೆ. ಗಾರ್ಮಿನ್ ಕಂಪನಿ ತನ್ನ ಮೊದಲ ಫೋರ್‌ರನ್ನರ್ ವಾಚುಗಳನ್ನು ತಂದ 2003ರಲ್ಲಿ ಅವು ಕೈಗೆ ಕಟ್ಟಿದ ಇಟ್ಟಿಗೆಯಂತಿದ್ದವು. ಈಗಿನವು ಮಾಮೂಲಿ ವಾಚಿನಷ್ಟೇ ಇವೆ.

ಹೊರಡುವ ಮೊದಲು ಬಯಲಿನಲ್ಲಿ ನಿಂತು ಸಿಗ್ನಲ್ ಸಿಗುವ ತನಕ ಕಾಯಿರಿ. ಕಾಯದೆ ಓಡಿದರೆ ಮೊದಲ ಒಂದೆರಡು ನೂರು ಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಸ್ಯಾಟಲೈಟ್ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ವಾಚಿಗೆ ನೀವು ಬೀದಿಯ ಆಚೆ ಬದಿಯಲ್ಲಿದ್ದಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಮೆಟ್ರೊ ಸೇತುವೆಯ ಕೆಳಗೆ ಓಡಿದವರ ನಕ್ಷೆ ನೋಡಿ, ಕುಡಿದು ನಡೆದಂತಿರುತ್ತದೆ. ಎರಡು ಫ್ರೀಕ್ವೆನ್ಸಿ ಹಿಡಿಯುವ ವಾಚುಗಳಲ್ಲಿ ಈ ತೊಂದರೆ ಕಮ್ಮಿ, ಆದರೆ ಚಾರ್ಜ್ ಬೇಗ ಇಳಿಯುತ್ತದೆ.

10 ಕಿಲೋಮೀಟರ್ ಓಟದ ದಿನ ಎಲ್ಲರ ಬಾಯಲ್ಲೂ ಒಂದೇ ದೂರು: "ನನ್ನ ವಾಚಿನಲ್ಲಿ 10.15 ಬಂತು, ಇವರು ಅಳತೆ ತಪ್ಪು ಮಾಡಿದ್ದಾರೆ." ಸಾಮಾನ್ಯವಾಗಿ ತಪ್ಪು ಅಳತೆಯದ್ದಲ್ಲ. ಪ್ರಮಾಣೀಕರಿಸಿದ ರಸ್ತೆ ಓಟದ ದಾರಿಯನ್ನು, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಕಮ್ಮಿ ಆಗಬಾರದೆಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, ಮ್ಯಾರಥಾನ್‌ಗೆ 42 ಮೀಟರ್. ನಾವು ತಿರುವಿನಲ್ಲಿ ಹೊರಗಿನಿಂದ ಬಳಸುತ್ತೇವೆ, ಜನರನ್ನು ದಾಟಲು ಅಡ್ಡಾಡುತ್ತೇವೆ, ನೀರಿನ ಟೇಬಲ್ ಕಡೆ ವಾಲುತ್ತೇವೆ. ಅದೆಲ್ಲ ಸೇರುತ್ತದೆ. ಪರಿಹಾರ ಸುಲಭ. ಓಟದ ದಿನ ತಾನಾಗಿ ಬರುವ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ಬಂದಾಗ ನೀವೇ ಬಟನ್ ಒತ್ತಿ. ದುಬಾರಿ ವಾಚ್ ಕಟ್ಟಿಕೊಂಡು ಕೊನೆಗೆ ಹಳೇ ವಾಚಿನ ಕೆಲಸವನ್ನೇ ಮಾಡಿಸುವುದು ಸ್ವಲ್ಪ ತಮಾಷೆಯೇ, ಅಲ್ವಾ?

ಎತ್ತರದ ಲೆಕ್ಕ ಬೇಕಾದವರು, ಅಂದರೆ 1,478 ಮೀಟರಿನ ನಂದಿ ಬೆಟ್ಟದಂಥ ಏರು ಹತ್ತುವವರು, ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವುದನ್ನು ನೋಡಿ. ಬರೀ ಜಿಪಿಎಸ್ ಕೊಡುವ ಎತ್ತರದ ಅಂಕಿ ಬಹಳ ತೊನೆದಾಡುತ್ತದೆ.

ನಿಮ್ಮ ಓಟದ ದಾರಿ ಗುಟ್ಟಾಗಿಡುವ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಜನವರಿಯಲ್ಲಿ, ಓಟಗಾರರು ತಮ್ಮ ಓಟ ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಓಟದ ನಕ್ಷೆಯಿಂದ ಸೇನಾ ನೆಲೆಗಳ ಜಾಗವೂ, ಒಳಗೆ ಸೈನಿಕರು ಓಡುವ ದಾರಿಯೂ ಬಯಲಾಗಿ ದೊಡ್ಡ ಗದ್ದಲವಾಯಿತು. ಸೈನಿಕರ ಕಥೆಯೇ ಹೀಗಾದರೆ, ದಿನಾ ಬೆಳಿಗ್ಗೆ 5:30ಕ್ಕೆ ಒಂಟಿಯಾಗಿ ಓಡುವ ನಿಮ್ಮ ಅಕ್ಕನ ದಾರಿಯನ್ನು ಯಾರು ಬೇಕಾದರೂ ನೋಡಬಹುದು. ಆ್ಯಪ್‌ನ ಸೆಟ್ಟಿಂಗ್‌ಗೆ ಹೋಗಿ ಮನೆಯ ಸುತ್ತಲಿನ ಜಾಗ ಮರೆಮಾಡಿ, ಓಟ ಗೆಳೆಯರಿಗೆ ಮಾತ್ರ ಕಾಣುವಂತೆ ಮಾಡಿ. ಈ ಕೆಲಸ ಮೊದಲ ಓಟಕ್ಕೆ ಮುಂಚೆ.

ಹಾಗೇ ಲೆಕ್ಕವೆಲ್ಲ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ ಎಂಬುದೂ ನೆನಪಿರಲಿ. 2020ರ ಜುಲೈಯಲ್ಲಿ ಸೈಬರ್ ದಾಳಿಯಿಂದ ಗಾರ್ಮಿನ್‌ನ ಸೇವೆ ಕೆಲವು ದಿನ ನಿಂತಿತ್ತು. ವಾಚ್ ಓಟ ಬರೆದುಕೊಳ್ಳುತ್ತಿತ್ತು, ಆ್ಯಪ್‌ಗೆ ಕಳಿಸಲು ಆಗುತ್ತಿರಲಿಲ್ಲ. ನಾನು ಮುಖ್ಯವಾದ ಓಟಗಳ ಟೈಮನ್ನು ಇವತ್ತಿಗೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಹೆಜ್ಜೆ 8: ಎದೆಬಡಿತದ ಅಂಕಿಯನ್ನು ಅಳೆದು ನಂಬಿ

ವಾಚಿನ ಹಿಂಭಾಗದ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಬಡಿತಕ್ಕೊಮ್ಮೆ ರಕ್ತ ಹೆಚ್ಚು ಕಮ್ಮಿಯಾದಂತೆ ವಾಪಸ್ ಬರುವ ಬೆಳಕೂ ಬದಲಾಗುತ್ತದೆ, ಅದನ್ನು ವಾಚ್ ಎಣಿಸುತ್ತದೆ. ಸುಮ್ನೆ ಕೂತಾಗ, ಒಂದೇ ಹದದಲ್ಲಿ ಓಡುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಲ್ಟ್ ಸಡಿಲವಾದರೆ, ಚಳಿಯಲ್ಲಿ ಕೈ ತಣ್ಣಗಾದರೆ, ಆ ಜಾಗದಲ್ಲಿ ಹಚ್ಚೆ ಇದ್ದರೆ ತಪ್ಪುತ್ತದೆ. ಕೆಲವೊಮ್ಮೆ ಹೆಜ್ಜೆಯ ಕುಲುಕನ್ನೇ ಬಡಿತ ಎಂದುಕೊಂಡು 170 ತೋರಿಸುತ್ತದೆ. ಆರಾಮಾಗಿ ಮಾತಾಡುತ್ತಾ ಓಡುತ್ತಿದ್ದೀರಿ, ವಾಚ್ ಮಾತ್ರ ಗಾಬರಿಯಲ್ಲಿದೆ!

ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿ. ನಿಂತಾಗ ಕುತ್ತಿಗೆಯ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ವಾಚಿನ ಅಂಕಿ ಹತ್ತಿರ ಇದೆಯಾ ನೋಡಿ. ಇದಕ್ಕೆ ಸಾದಾ ಡಿಜಿಟಲ್ ವಾಚೇ ಸಾಕು. ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವ ಇಂಟರ್ವಲ್ ಓಟಕ್ಕೆ ನಿಖರ ಬಡಿತ ಬೇಕಿದ್ದರೆ ಎದೆಗೆ ಕಟ್ಟುವ ಬೆಲ್ಟ್ ಒಳ್ಳೆಯದು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ.

ಗರಿಷ್ಠ ಎದೆಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಇಂಥ ಎಷ್ಟೋ ವಾಚುಗಳಲ್ಲಿ ಇರುತ್ತದೆ. 40 ವರ್ಷಕ್ಕೆ 180. ಅದು ಸರಾಸರಿ ಅಷ್ಟೇ, ನಿಮ್ಮ ನಿಜವಾದ ಗರಿಷ್ಠ ಹತ್ತು ಬಡಿತ ಆಚೀಚೆ ಇರಬಹುದು. ದಿನಕ್ಕೆ 10,000 ಹೆಜ್ಜೆ ಎಂಬುದೂ ವೈದ್ಯರ ಚೀಟಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರು ಅದು, 'ಮ್ಯಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ವಾಚ್ ಎಣಿಸುವುದು ಕೈಯ ಅಲುಗಾಟವನ್ನು, ಹಾಗಾಗಿ ಚಪಾತಿ ಲಟ್ಟಿಸಿದರೂ ಹೆಜ್ಜೆ ಏರುತ್ತದೆ, ತಳ್ಳುಗಾಡಿ ಹಿಡಿದು ಒಂದು ಕಿಲೋಮೀಟರ್ ನಡೆದರೂ ಏರದೆ ಇರಬಹುದು.

ಇದು ಮಾತ್ರ ತಮಾಷೆಯಲ್ಲ: ಸೂಜಿ ಚುಚ್ಚದೆ ಶುಗರ್ ತೋರಿಸುತ್ತೇವೆ ಎನ್ನುವ ಅಗ್ಗದ ವಾಚುಗಳನ್ನು ನಂಬಬೇಡಿ. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಅಂಕಿ ನೋಡಿ ಅಮ್ಮನ ಇನ್ಸುಲಿನ್ ಹೆಚ್ಚು ಕಮ್ಮಿ ಮಾಡಿದರೆ ಪ್ರಾಣಕ್ಕೆ ಬರುತ್ತದೆ.

ಹೆಜ್ಜೆ 9: ನೋಡಿಕೊಳ್ಳಿ

ವಾರಕ್ಕೊಮ್ಮೆ ಬೆಲ್ಟ್ ತೊಳೆದು ಒರೆಸಿ. ಮಣಿಕಟ್ಟಿನ ಕೆಂಪು ತುರಿಕೆಗೆ ಎಷ್ಟೋ ಸಲ ಕಾರಣ ಸಿಕ್ಕಿಹಾಕಿಕೊಂಡ ಬೆವರು. ಮಲಗುವಾಗ ಬಿಚ್ಚಿ, ಚರ್ಮಕ್ಕೂ ಗಾಳಿ ಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಎಲ್‌ಸಿಡಿ ಪರದೆ ಕಪ್ಪಗಾಗುತ್ತದೆ. ಗಾಬರಿ ಬೇಡ, ನೆರಳಿಗೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ದಿನಾ ಹೀಗೆ ಮಾಡಬೇಡಿ.

ದೀಪ ಹಾಕಿದಾಗ ಅಂಕಿ ಮಂಕಾದರೆ ಸೆಲ್ ಮುಗಿಯುತ್ತಾ ಬಂದಿದೆ ಎಂದರ್ಥ. ಸೆಲ್ ಹಾಕಿಸುವಾಗ ಅಂಗಡಿಯವರಿಗೆ ರಬ್ಬರ್ ರಿಂಗ್ ಸರಿಯಾಗಿ ಕೂರಿಸಲು ಹೇಳಿ. ಸೀಳಿದ್ದರೆ ಬದಲಾಯಿಸಿ. ನನ್ನ ಒಂದು ವಾಚ್ ಸೆಲ್ ಹಾಕಿಸಿದ ಮರುವಾರವೇ ಮಳೆಗೆ ಒಳಗೆ ಹಬೆ ಕಟ್ಟಿಕೊಂಡಿತು. ರಿಂಗ್ ಡೊಂಕಾಗಿ ಕೂತಿತ್ತು, ಅಷ್ಟೇ ಕಾರಣ.

ಹಳೇ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಎಫ್-91ಡಬ್ಲ್ಯುಗೆ ಹಾಕುವ ಸಿಆರ್2016 ಸೆಲ್ 20 ಮಿಲಿಮೀಟರ್ ಅಗಲ, ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆ. ಖಾಲಿಯಾದ ಸೆಲ್‌ನಲ್ಲೂ ಉಳಿದ ವಿದ್ಯುತ್ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಬಿಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಹಳೇ ಸೆಲ್‌ಗೆ ಎರಡೂ ಕಡೆ ಟೇಪ್ ಸುತ್ತಿ ಇ-ಕಸಕ್ಕೆ ಕೊಡಿ.

ಇನ್ನೊಂದು ಚಿಕ್ಕ ಕೆಲಸ. ಎಫ್-91ಡಬ್ಲ್ಯುನಂಥ ವಾಚಿಗೆ ಇಸವಿ ಗೊತ್ತಿಲ್ಲ, ಫೆಬ್ರವರಿ ಎಂದರೆ ಅದಕ್ಕೆ ಯಾವಾಗಲೂ 28 ದಿನ. ಮುಂದಿನ ಫೆಬ್ರವರಿ 29 ಬರುವುದು 2028ರಲ್ಲಿ, ಮಂಗಳವಾರ. ಆ ದಿನ ಬೆಳಿಗ್ಗೆ ನಿಮ್ಮ ವಾಚ್ ಮಾರ್ಚ್ 1 ಎನ್ನುತ್ತದೆ. ಮೋಡ್ ಬಟನ್ ಮೂರು ಸಲ ಒತ್ತಿ ತಾರೀಖು ಸರಿಮಾಡಿಕೊಂಡು ಓಟಕ್ಕೆ ಹೊರಡಿ.